ಪದ ಪರಿಚಯ: ಅಹವಾಲು

ಕೆರೆಯ ಮೀನು ಪಾಶುವಾರು ಹಕ್ಕಿನ (ಮೀನು ಹಿಡಿಯುವ ಗುತ್ತಿಗೆ ಹಕ್ಕಿನ) ಷರತ್ತು ಬದಲಿಸಲು ಸಭೆ ಕರೆದರೆ ಅದು ‘ಅಹವಾಲು ಸಭೆ’. ಕರಾವಳಿಯಲ್ಲಿ ಬಲೆಯ ಕಣ್ಣಿನ ಅಳತೆ ಕುರಿತ ಕರಡಿಗೆ ಅಭಿಪ್ರಾಯ ಕೇಳಿದರೆ ‘ಮೀನುಗಾರರಿಂದ ಅಹವಾಲು ಸ್ವೀಕಾರ’. ಮಳೆಗೆ ಮನೆ ಬಿದ್ದವರು ಜನತಾ ದರ್ಶನದಲ್ಲಿ ಕೊಡುವುದೂ ಅಹವಾಲು. ಈ ಮೂರರಲ್ಲಿ ಕೊನೆಯದಕ್ಕೆ ಮಾತ್ರ ಆ ಪದ ಸಲ್ಲುತ್ತದೆ. ಮೊದಲ ಎರಡಕ್ಕೆ ಬೇಕಾದದ್ದು ಸಮಾಲೋಚನೆ. ಪದ ತಪ್ಪಿದಾಗ ಜನ ಬರೆದುಕೊಡುವ ಕಾಗದವೂ ತಪ್ಪುತ್ತದೆ. ತುಮಕೂರಿನಿಂದ ಮುಳಬಾಗಿಲಿನವರೆಗೆ ಇದೇ ನಡೆಯುತ್ತಿರುವುದರಿಂದ ಕೊಂಚ ವಿವರವಾಗಿ ಹೇಳಬೇಕಾಗಿದೆ.

ಅಹವಾಲು ಅರಬ್ಬಿ ಮೂಲದ್ದು. ಪಾರಸಿಯ ಮೂಲಕ ದಫ್ತರದ ಕನ್ನಡಕ್ಕೆ ಇಳಿದದ್ದು. ‘ಹಾಲ್’ ಎಂದರೆ ಸ್ಥಿತಿ, ಅದರ ಬಹುವಚನ ‘ಅಹ್ವಾಲ್’. ‘ಹಾಲಿ ಶಾಸಕ’ರ ಹಾಲಿಯೂ ಇದೇ ಹಾಲ್‌ನಿಂದ ಬಂದದ್ದು: ಈಗಿನ ಸ್ಥಿತಿಯಲ್ಲಿರುವ. ಇವೆಲ್ಲದರ ಧಾತುವಿಗೆ ತಿರುಗು, ಬದಲಾಗು ಎಂಬ ಅರ್ಥವಿದೆ. ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಗುವುದು ಹವಾಲೆ, ಹವಾಲೆ ವಹಿಸಿಕೊಂಡವನು ಹವಾಲ್ದಾರ. ಹೀಗಾಗಿ ಅಹವಾಲು ಹೇಳುವುದೆಂದರೆ ‘ನನ್ನ ಸ್ಥಿತಿ ಹೀಗಿದೆ’ ಎಂದು ತೋಡಿಕೊಳ್ಳುವುದು. ಅದರಲ್ಲಿ ಕೇಳಿಕೆ ಇರಲೇಬೇಕೆಂದಿಲ್ಲ. ಕೇಳಿಕೆಗೆ ಅರ್ಜಿ ಇದೆ. ಮೊರೆಗೆ ಫಿರ್ಯಾದು ಇದೆ, ಪಾರಸಿಯಲ್ಲಿ ಅದರ ಅರ್ಥವೇ ಕೂಗು. ತಕರಾರು ಅರಬ್ಬಿಯಲ್ಲಿ ಬರೀ ಪುನರುಕ್ತಿ. ಹೇಳಿದ್ದನ್ನೇ ಹೇಳುವುದು ನಮ್ಮಲ್ಲಿ ಜಗಳವಾಯಿತು, ಆಮೇಲೆ ಖಾತೆ ಬದಲಾವಣೆಗೆ ಒಡ್ಡುವ ಅಡ್ಡಿಯಾಯಿತು. ಶಿರಾ, ಗುಬ್ಬಿ, ಗೌರಿಬಿದನೂರು ಎಲ್ಲಿಯೇ ಆಗಲಿ, ಜಮೀನಿನ ವಿಷಯ ಬಂದಾಗ ತಕರಾರು ಅರ್ಜಿಯನ್ನು ಯಾರೂ ಅಹವಾಲು ಎನ್ನುವುದಿಲ್ಲ. ಕೆರೆ, ಕಡಲು ಎಂದೊಡನೆ ಆ ಎಚ್ಚರ ತಪ್ಪುತ್ತದೆ.

ಸಮಾಲೋಚನೆ ಸಂಸ್ಕೃತದ್ದು. ಲೋಚನ ಎಂದರೆ ಕಣ್ಣು. ಒಂದು ವಸ್ತುವನ್ನು ನಡುವೆ ಇಟ್ಟುಕೊಂಡು ಎಲ್ಲರೂ ಕೂಡಿ ನೋಡುವುದು ಸಮಾಲೋಚನೆ. (ಹಿಂದಿಯಲ್ಲಿ ಇದೇ ಪದಕ್ಕೆ ಸಾಹಿತ್ಯ ವಿಮರ್ಶೆ ಎಂಬ ಅರ್ಥವಿದೆ, ಅದನ್ನು ಇಲ್ಲಿಗೆ ತರಬೇಡಿ.) ನೋಡುವುದಕ್ಕೆ ಕಣ್ಣೆದುರು ಏನಾದರೂ ಇರಬೇಕಲ್ಲ? ಅದೇ ಕರಡು. ಕರಡು ಹಂಚದೆ ಕರೆದ ಸಭೆ ಸಮಾಲೋಚನೆಯಲ್ಲ, ಆದೇಶ ಹೊರಟ ಮೇಲೆ ಕರೆದದ್ದಂತೂ ಅಲ್ಲವೇ ಅಲ್ಲ.

ಕೆರೆಯ ಉದಾಹರಣೆ ನೋಡಿ. ‘ಕೋಡಿ ಬಿದ್ದು ಕಾಟ್ಲಾ, ರೋಹು ಎಲ್ಲ ಹರಿದುಹೋಯಿತು, ಗುತ್ತಿಗೆ ದುಡ್ಡೂ ಹುಟ್ಟಲಿಲ್ಲ’ ಎಂಬುದು ಅಹವಾಲು. ‘ಕೋಡಿಗೆ ಜಾಲರಿ ಹಾಕುವ ಖರ್ಚು ಯಾರದೆಂದು ಷರತ್ತಿನಲ್ಲಿ ಬರೆಯಿರಿ’ ಎಂಬುದು ಸಮಾಲೋಚನೆಯ ಉತ್ತರ. ‘ಮರಿ ಬದುಕಲಿಲ್ಲ’ ಎಂಬುದು ಅಹವಾಲು. ‘ಹೆಕ್ಟೇರಿಗೆ ಇಷ್ಟು ಬಿತ್ತನೆ ಮರಿ ಎಂಬ ಲೆಕ್ಕವನ್ನು ಕೆರೆ ತುಂಬಿದಾಗಿನ ಜಲವಿಸ್ತೀರ್ಣಕ್ಕೆ ಹಾಕಬೇಡಿ, ಬಿತ್ತುವ ತಿಂಗಳಿನ ವಿಸ್ತೀರ್ಣಕ್ಕೆ ಹಾಕಿ’ ಎಂಬುದು ಉತ್ತರ. ಪಾವಗಡದಂಥ ಕಡೆ ಕೆರೆ ತುಂಬುವುದೇ ಅಪರೂಪ, ಅಲ್ಲಿ ಈ ಒಂದು ಸಾಲಿನ ಮೇಲೆ ಗುತ್ತಿಗೆದಾರನ ಬದುಕು ನಿಂತಿರುತ್ತದೆ.

ಕಡಲಿನದೂ ಹಾಗೆಯೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ನಮ್ಮ ರಾಜ್ಯದಲ್ಲಿ ನಾಡದೋಣಿಗಳಿಗೂ 10 ಅಶ್ವಶಕ್ತಿವರೆಗಿನ ಮೋಟಾರು ದೋಣಿಗಳಿಗೂ ವಿನಾಯಿತಿ. ‘ಎರಡು ತಿಂಗಳು ಒಲೆ ಉರಿಯುವುದಿಲ್ಲ’ ಎಂದು ಮಲ್ಪೆಯವರು ಹೇಳಿದರೆ ಅದು ನಿಜವಾದ ಅಹವಾಲು, ಕೇಳಲೇಬೇಕಾದದ್ದು. ಆದರೆ ಆ 10 ಎಂಬ ಅಂಕಿ ಎಷ್ಟಿರಬೇಕು, ಏಕೆ ಎಂದು ಬರೆದುಕೊಟ್ಟರೆ ಮಾತ್ರ ಕರಡಿನ ಸಾಲನ್ನು ಮುಟ್ಟಿದಂತೆ. ಬಲೆಯ ವಿಷಯದಲ್ಲಿ ಆಗುವ ಎಡವಟ್ಟು ಇನ್ನೂ ದೊಡ್ಡದು. ಕಣ್ಣನ್ನು ಎಳೆದು ಹಿಡಿದು ಎದುರುಬದುರಿನ ಗಂಟುಗಳ ನಡುವೆ ಅಳೆದರೆ ಬರುವ ಅಳತೆ, ಒಂದು ಬದಿಯನ್ನಷ್ಟೇ ಅಳೆದಾಗ ಬರುವುದರ ಸುಮಾರು ಎರಡರಷ್ಟು. ಯಾವ ಅಳತೆಯೆಂದು ಹೇಳದೆ ಬರೀ ಮಿಲಿಮೀಟರು ಬರೆದರೆ ಅರ್ಥವೇ ತಲೆಕೆಳಗಾಗುತ್ತದೆ.

ಕಾನೂನಿನಲ್ಲಿ ಈ ಪದಗಳ ಗಡಿ ಸ್ಪಷ್ಟವಾಗಿದೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ದೊಡ್ಡ ಮೀನುಗಾರಿಕೆ ಬಂದರುಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಸಾರ್ವಜನಿಕ ಸಮಾಲೋಚನೆಗೆ ಎರಡು ಭಾಗ: ಸ್ಥಳೀಯರಿಗಾಗಿ ಯೋಜನೆಯ ಸ್ಥಳದ ಬಳಿ ಆಲಿಕೆ (ಪಬ್ಲಿಕ್ ಹಿಯರಿಂಗ್), ಸಂಬಂಧಪಟ್ಟ ಇತರರಿಂದ ಲಿಖಿತ ಅಭಿಪ್ರಾಯ. ಆಲಿಕೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ಕನಿಷ್ಠ ಇಷ್ಟು ಜನ ಸೇರಬೇಕೆಂಬ ಕೋರಂ ಬೇಕಿಲ್ಲ. ಆಲಿಕೆಯನ್ನೇ ಇಡೀ ಸಮಾಲೋಚನೆ ಎಂದುಕೊಂಡು ಎರಡನೆಯ ಬಾಗಿಲನ್ನು ಜನ ತಟ್ಟುವುದೇ ಇಲ್ಲ. ಕೇಂದ್ರದ ಸಾಮಾನ್ಯ ವಾಕ್ಯಾಂಶಗಳ ಅಧಿನಿಯಮದ (1897) 23ನೇ ಕಲಮಿನಂತೆ, ಪೂರ್ವ ಪ್ರಕಟಣೆ ಕಡ್ಡಾಯವಿರುವ ನಿಯಮಗಳಿಗೆ ‘ಯಾವುದೇ ವ್ಯಕ್ತಿ’ ಆಕ್ಷೇಪಣೆ ಅಥವಾ ಸಲಹೆ ಕೊಡಬಹುದು. ಅಂಥ ಕಡಲ ಕರಡಿಗೆ ಬಂಗಾರಪೇಟೆಯ ಮೀನಂಗಡಿಯವರೂ ಬರೆಯಬಹುದು.

ಬರೆಯುವಾಗ ಕರಡಿನ ಷರತ್ತು ಸಂಖ್ಯೆ, ಈಗಿರುವ ಸಾಲು, ಬೇಕಾದ ಸಾಲು, ಕಾರಣ, ಈ ನಾಲ್ಕು ಇರಲಿ. ಗಡುವನ್ನು ಯಾವ ದಿನದಿಂದ ಎಣಿಸಬೇಕೆಂದು ಕರಡಿನಲ್ಲೇ ಓದಿಕೊಳ್ಳಿ. ಸಾಮಾನ್ಯವಾಗಿ ಅದು ರಾಜ್ಯಪತ್ರದಿಂದ (ಸರ್ಕಾರಿ ಗೆಜೆಟ್‌ನಿಂದ) ಶುರು, ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದಲ್ಲ. ಸ್ವೀಕೃತಿ ಪಡೆಯಿರಿ. ಸಭೆಯ ನಡವಳಿಯಲ್ಲಿ ‘ಅಹವಾಲು ಸ್ವೀಕರಿಸಲಾಯಿತು’ ಎಂದಷ್ಟೇ ಇದ್ದರೆ ಅದನ್ನು ‘ಷರತ್ತು ಇಂಥದ್ದಕ್ಕೆ ಸಲಹೆ ಬಂದಿದೆ’ ಎಂದು ತಿದ್ದಿಸಿ. ಅಹವಾಲನ್ನು ಸ್ವೀಕರಿಸಿದರೆ ಕಡತ ಮುಗಿಯಿತು, ಸಲಹೆಯನ್ನಾದರೆ ಪರಿಗಣಿಸಬೇಕಾಗುತ್ತದೆ.