ಕೆರೆ, ದಡ ಮತ್ತು ಮೂರು ವರ್ಷದ ಮೆದುಳು

ಅಂಗನವಾಡಿಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಎಳೆದ ಒಂದು ದೊಡ್ಡ ವೃತ್ತ. ಒಳಗೆ ಕೆರೆ, ಹೊರಗೆ ದಡ. ಟೀಚರ್ "ಕೆರೆ" ಎಂದರೆ ಮಕ್ಕಳು ಒಳಕ್ಕೆ ಹಾರಬೇಕು, "ದಡ" ಎಂದರೆ ಹೊರಕ್ಕೆ. ಕೆರೆ, ದಡ, ಕೆರೆ, ದಡ ಎನ್ನುತ್ತ ಎನ್ನುತ್ತ ಮಕ್ಕಳ ಕಾಲಿಗೆ ತಾಳ ಹತ್ತಿದ ಹೊತ್ತಿಗೆ ಆಕೆ ಇನ್ನೊಮ್ಮೆ "ದಡ" ಎಂದುಬಿಡುತ್ತಾರೆ. ದಡದಲ್ಲಿರುವವರು ಈಗ ಕದಲಬಾರದು. ಆದರೆ ಮೂರು ವರ್ಷದವರೆಲ್ಲ ಆಗಲೇ ಕೆರೆಯೊಳಗೆ ಬಿದ್ದಿರುತ್ತಾರೆ. ಐದು ತುಂಬಿದ ಹುಡುಗಿಯೊಬ್ಬಳು ಮಾತ್ರ ಎರಡೂ ಕೈ ಚಾಚಿ, ಮುಂದಕ್ಕೆ ವಾಲಿದ ಮೈಯನ್ನು ತುದಿಗಾಲಿನಲ್ಲಿ ತಡೆದು ನಿಂತಿರುತ್ತಾಳೆ.

ಆ ತಡೆದು ನಿಲ್ಲುವಿಕೆ ಸಣ್ಣ ಸಾಧನೆಯಲ್ಲ. ನಿಯಮ ನೆನಪಿರಬೇಕು, ಹಾರಲು ಹೊರಟ ಕಾಲನ್ನು ತಡೆಯಬೇಕು, ಕಿವಿಗೆ ಬಿದ್ದ ಪದಕ್ಕೆ ತಕ್ಕಂತೆ ಮನಸ್ಸು ಬದಲಿಸಬೇಕು. ಹಣೆಯ ಹಿಂದಿರುವ ಮೆದುಳಿನ ಮುಂಭಾಗ ಈ ಮೂರನ್ನೂ ಒಟ್ಟಿಗೆ ನಿಭಾಯಿಸುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ ಆದರೂ, ಮೂರರಿಂದ ಐದರ ನಡುವೆ ಈ ಶಕ್ತಿ ಕಣ್ಣಿಗೆ ಕಾಣುವಷ್ಟು ವೇಗವಾಗಿ ಬೆಳೆಯುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಚಿತ್ರದ ಕಾರ್ಡುಗಳಿಂದ ಪರೀಕ್ಷಿಸುತ್ತಾರೆ. ಮೊದಲು ಬಣ್ಣ ನೋಡಿ ಕಾರ್ಡುಗಳನ್ನು ಬೇರೆ ಮಾಡಲು ಹೇಳಿ, ನಡುವೆ "ಇನ್ನು ಮುಂದೆ ಆಕಾರ ನೋಡಿ ಮಾಡು" ಎನ್ನುತ್ತಾರೆ. ಮೂರು ವರ್ಷದ ಮಗು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳುತ್ತದೆ, ಕೈ ಮಾತ್ರ ಬಣ್ಣವನ್ನೇ ಹಿಡಿದು ಹೋಗುತ್ತದೆ. ಐದು ವರ್ಷದ ಹೆಚ್ಚಿನ ಮಕ್ಕಳು ಸಲೀಸಾಗಿ ಬದಲಾಯಿಸಿಕೊಳ್ಳುತ್ತಾರೆ. "ತಲೆ ಮುಟ್ಟು ಎಂದರೆ ಕಾಲ್ಬೆರಳು ಮುಟ್ಟಬೇಕು" ಎಂಬ ಇನ್ನೊಂದು ಪರೀಕ್ಷೆಯೂ ಇದೆ. ಅದನ್ನು ಚೆನ್ನಾಗಿ ಮಾಡುವ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದಿರುವುದು ಕಂಡುಬಂದಿದೆ. ನಮ್ಮ ಕೆರೆ-ದಡ ಅದರ ಒಡಹುಟ್ಟು. ಒಂದೇ ಒಂದು ಆಟಿಕೆ ಬೇಡದ, ಇಡೀ ಊರಿಗೆ ಗೊತ್ತಿರುವ ಆಟ.

ಹೀಗಿದ್ದೂ ಸಕಲೇಶಪುರ, ಆಲೂರು, ಬೇಲೂರು ಕಡೆಯ ಊರುಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು, "ಅಂಗನವಾಡಿಯಲ್ಲಿ ಏನು ಕಲಿಸುತ್ತಾರೆ? ಬರೀ ಆಡಿಸುತ್ತಾರೆ." ತೋಟದ ಕೂಲಿಯಲ್ಲಿ ಮನೆ ನಡೆಸುವ ತಾಯಿಯೊಬ್ಬಳು ಅದೇ ಕೂಲಿಯಿಂದ ಫೀಸು ಕಟ್ಟಿ, ಮೂರೂವರೆ ವರ್ಷದ ಮಗನನ್ನು ಪೇಟೆಯ ಎಲ್‌ಕೆಜಿಗೆ ವ್ಯಾನಿನಲ್ಲಿ ಕಳಿಸುತ್ತಾಳೆ. ಆಕೆಯ ಆಸೆಯನ್ನು ನಾನು ಕಡಿಮೆ ಎಣಿಸಲಾರೆ. ಮಗ ಸಂಜೆ ಮನೆಗೆ ತರುವ ಪುಸ್ತಕದಲ್ಲಿ ಪುಟಗಟ್ಟಲೆ ಅಕ್ಷರಗಳಿರುತ್ತವೆ, ಅಂಗನವಾಡಿಗೆ ಹೋದ ಪಕ್ಕದ ಮನೆಯ ಮಗುವಿನ ಕೈಯಲ್ಲಿ ಮಣ್ಣಿರುತ್ತದೆ. ಯಾವುದು ಕಲಿಕೆಯಂತೆ ಕಾಣುತ್ತದೆ ಎಂದು ಕೇಳಿದರೆ ಉತ್ತರ ಸುಲಭ. ಯಾವುದು ಕಲಿಕೆ ಎಂದು ಕೇಳಿದರೆ ಮಣ್ಣಿನ ಪರವಾಗಿ ಹೇಳಲು ಬಹಳಷ್ಟಿದೆ.

ಉಚಿತ ಶಿಶುಶಿಕ್ಷಣ ನಮ್ಮಲ್ಲಿ ಹೊಸದೇನಲ್ಲ. 1945ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ಬಾಲವಾಡಿ ಕಟ್ಟಿದರು. ಶಾಲೆಗೆ ಬಾರದ ಮಕ್ಕಳಿದ್ದಲ್ಲಿಗೆ, ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು. ಅಲ್ಲಿ ಸಿಗುವ ಬೀಜ, ಎಲೆ, ಕಲ್ಲುಗಳೇ ಪಾಠದ ಸಾಮಗ್ರಿಗಳಾಗಿದ್ದವು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿ. ನರಸೀಪುರ. ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣವೂ ಮೊದಲ ದಿನದಿಂದಲೇ ಅದರ ಭಾಗವಾಗಿತ್ತು. ಐವತ್ತು ವರ್ಷಗಳಲ್ಲಿ ಹಾಲು, ಮೊಟ್ಟೆಗಳ ಮಾತು ಮನೆಮನೆಗೆ ತಲುಪಿತು, ಶಿಕ್ಷಣದ ಮಾತು ಅಷ್ಟಾಗಿ ತಲುಪಲಿಲ್ಲ.

ಸಕಲೇಶಪುರದಿಂದ ಒಳಗೆ, ಕಾಫಿ ತೋಟಗಳ ನಡುವಿನ ಒಂದು ಕೇಂದ್ರದಲ್ಲಿ ನೋಡಿದ ಅಂಗಡಿ ಆಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜಗಲಿಯ ಮೂಲೆಯಲ್ಲಿ ಅಂಗಡಿ. ಹುಣಸೆ ಬೀಜ ಅಕ್ಕಿ, ಒಣಗಿದ ಕಾಫಿ ಹಣ್ಣು ಮೊಟ್ಟೆ, ಹಲಸಿನ ಎಲೆ ನೋಟು. ನಾಲ್ಕು ವರ್ಷದ ಹುಡುಗ ಕಾಲು ಮಡಚಿ ಕೂತು ಅಂಗಡಿಯವನಾಗಿದ್ದ. ಗಿರಾಕಿಯಾಗಿ ಬಂದವಳು, "ಅಕ್ಕಿ ಕೊಡಿ" ಎಂದಳು. "ಎಷ್ಟು?" "ಹತ್ತು." ಹುಡುಗ ಬೀಜಗಳನ್ನು ಒಂದೊಂದಾಗಿ ಎತ್ತಿಡುತ್ತ ಆರರವರೆಗೆ ಸರಿಯಾಗಿ ಬಂದ. ಆಮೇಲೆ ಬಾಯಿ ಮುಂದೆ ಓಡಿತು, ಕೈ ಹಿಂದುಳಿಯಿತು. ಬಾಯಲ್ಲಿ ಹತ್ತಾದಾಗ ನೆಲದ ಮೇಲೆ ಎಂಟೇ ಬೀಜ. ಹುಡುಗಿ ತಾನೇ ಎಣಿಸಿ, "ಇನ್ನೂ ಹಾಕಿ" ಎಂದು ಪಟ್ಟು ಹಿಡಿದಳು.

ಇಷ್ಟರೊಳಗೆ ಎಷ್ಟೊಂದು ಕೆಲಸ ನಡೆದಿದೆ ನೋಡಿ. ಎಲೆಯನ್ನು ನೋಟು ಎಂದುಕೊಳ್ಳುವ ಮಗು ಒಂದು ವಸ್ತು ಇನ್ನೊಂದನ್ನು ಸೂಚಿಸಬಲ್ಲದು ಎಂಬುದನ್ನು ಹಿಡಿದಿದೆ. ಮುಂದೆ "ಮ" ಎಂಬ ಗೆರೆ ಒಂದು ಧ್ವನಿಯನ್ನು, "5" ಎಂಬ ಗೆರೆ ಒಂದು ಮೊತ್ತವನ್ನು ಸೂಚಿಸುತ್ತದೆ ಎಂದು ಒಪ್ಪಿಕೊಳ್ಳಲು ಇದೇ ಅಡಿಪಾಯ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ ಕೋಲನ್ನು ಕುದುರೆ ಮಾಡಿಕೊಳ್ಳುವ ಮಗುವಿನಲ್ಲಿ ಕಂಡದ್ದು ಇದನ್ನೇ. ಆಟದಲ್ಲಿ ಮಗು ತನ್ನ ವಯಸ್ಸಿಗಿಂತ ದೊಡ್ಡದಾಗಿ ನಡೆದುಕೊಳ್ಳುತ್ತದೆ ಎಂದೂ ಆತ ಗುರುತಿಸಿದ್ದ. ಅಂಗಡಿಯವನಾದ ಹುಡುಗ ಅರ್ಧಕ್ಕೆ ಎದ್ದು ಓಡುವಂತಿಲ್ಲ, ಏಕೆಂದರೆ ಅಂಗಡಿಯವರು ಹಾಗೆ ಓಡುವುದಿಲ್ಲ. "ಸುಮ್ಮನೆ ಕೂರು" ಎಂದು ಗದರಿಸಿದರೆ ಕೂರದವನು ಇಲ್ಲಿ ತಾನಾಗಿ ಕೂತಿದ್ದ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಮುಂದಿನ ಗಳಿಗೆ. ಟೀಚರ್ ಎಣಿಕೆಯನ್ನು ತಿದ್ದಲಿಲ್ಲ. ಚೀಲ ಹಿಡಿದ ಗಿರಾಕಿಯಾಗಿ ಬಂದು ಕುಕ್ಕರಗಾಲಿನಲ್ಲಿ ಕೂತು, "ನಮ್ಮ ಮನೆಯಲ್ಲಿ ನಾಲ್ಕು ಜನ, ಮೂರು ಮೊಟ್ಟೆ ಕೊಟ್ಟಿದ್ದೀರಿ. ಸಾಕಾಗುತ್ತದೆಯೇ ಸಾಹುಕಾರರೇ?" ಎಂದು ಕೇಳಿದರು. ಹುಡುಗ ತನ್ನ ಬೆರಳುಗಳನ್ನು ನೋಡಿಕೊಂಡ, ಕಾಫಿ ಹಣ್ಣುಗಳನ್ನು ನೋಡಿದ. "ನಿಮಗೆ ಇಲ್ಲ" ಎಂದು ಇನ್ನೊಂದನ್ನು ಮುಂದಿಟ್ಟ. ಆಟ ಮಕ್ಕಳದ್ದಾಗಿಯೇ ಉಳಿಯಿತು, ಕಲಿಕೆ ಒಂದು ಮೆಟ್ಟಿಲು ಮೇಲೇರಿತು. ನೋಡಿಕೊಳ್ಳುವವರಿಲ್ಲದೆ ಬಿಟ್ಟ ಆಟದಲ್ಲಿ ಈ ಮೆಟ್ಟಿಲು ಸಿಗುವುದು ಅಪರೂಪ. ಬೋರ್ಡಿನ ಮೇಲೆ 4 - 3 = 1 ಎಂದು ಬರೆದಿದ್ದರೆ ಹುಡುಗನಿಗೆ ಅದು ತನ್ನ ಲೆಕ್ಕವೇ ಅನ್ನಿಸುತ್ತಿರಲಿಲ್ಲ.

ಹೇಳಿಕೊಡುವುದಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಎಲಿಜಬೆತ್ ಬೊನಾವಿಟ್ಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಂದವಾಗಿ ತೋರಿಸಿದರು. ಕೊಳವೆಗಳಿಂದ ಮಾಡಿದ ಒಂದು ಆಟಿಕೆ. ಒಂದು ಕಡೆ ಎಳೆದರೆ ಕೀಂ ಎನ್ನುತ್ತದೆ, ಉಳಿದೆಡೆ ದೀಪ, ಸಂಗೀತ, ಕನ್ನಡಿ ಅಡಗಿವೆ. ಕೆಲವು ಮಕ್ಕಳಿಗೆ "ಇದು ಹೇಗೆ ಕೆಲಸ ಮಾಡುತ್ತದೆ ತೋರಿಸುತ್ತೇನೆ" ಎಂದು ಕೀಂ ಸದ್ದನ್ನು ಮಾತ್ರ ಹೇಳಿಕೊಟ್ಟರು. ಬೇರೆ ಮಕ್ಕಳ ಮುಂದೆ ಅದೇ ಸದ್ದನ್ನು ಆಕಸ್ಮಿಕವೆಂಬಂತೆ ಮಾಡಿದರು. ಹೇಳಿಸಿಕೊಂಡ ಮಕ್ಕಳು ಅದನ್ನಷ್ಟೇ ಮಾಡಿ ಬೇಗ ಬಿಟ್ಟರು. ಉಳಿದವರು ಹೆಚ್ಚು ಹೊತ್ತು ಆಡಿ, ಅಡಗಿದ್ದ ಬೇರೆ ಗುಟ್ಟುಗಳನ್ನೂ ಹೆಚ್ಚಾಗಿ ಕಂಡುಕೊಂಡರು. ದೊಡ್ಡವರು ಒಂದನ್ನೇ ತೋರಿಸಿದರೆಂದರೆ ಇರುವುದೇ ಅಷ್ಟು ಎಂದು ಮಗು ತರ್ಕಿಸುತ್ತದೆ. ತರ್ಕವೇನೋ ಸರಿಯಾದದ್ದೇ, ನಷ್ಟ ಮಾತ್ರ ಮಗುವಿಗೆ.

ಹಾಗಾದರೆ ಯಾವ ಆಟವಾದರೂ ಆದೀತೇ? ಇಲ್ಲ. ಅಮೆರಿಕದಲ್ಲಿ ಬಡ ಮಕ್ಕಳಿಗಾಗಿ 1965ರಿಂದ ನಡೆಯುತ್ತಿರುವ ಹೆಡ್ ಸ್ಟಾರ್ಟ್ ಎಂಬ ಉಚಿತ ಕಾರ್ಯಕ್ರಮದ ಮಕ್ಕಳೊಂದಿಗೆ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಒಂದು ಸರಳ ಮಣೆಯಾಟ ಆಡಿಸಿದರು. ಒಂದೇ ಸಾಲಿನಲ್ಲಿ 1ರಿಂದ 10ರವರೆಗಿನ ಮನೆಗಳು. ಒಂದೋ ಎರಡೋ ಬಿದ್ದಷ್ಟು ಮುಂದೆ ಹೋಗಬೇಕು, ಹೋಗುವಾಗ ಮನೆಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಕಾಲು ಗಂಟೆಯಷ್ಟು ಆಡಿದ್ದಕ್ಕೇ ಸಂಖ್ಯೆಗಳ ಹಿರಿದು-ಕಿರಿದು, ಎಣಿಕೆ, ಅಂಕಿ ಗುರುತಿಸುವುದು ಎಲ್ಲವೂ ಸುಧಾರಿಸಿತು. ಒಂಬತ್ತು ವಾರಗಳ ನಂತರವೂ ಅದು ಉಳಿದಿತ್ತು. ಸಂಖ್ಯೆಯ ಬದಲು ಬಣ್ಣದ ಮನೆಗಳಿದ್ದ ಮಣೆಯಲ್ಲಿ ಆಡಿದವರಿಗೆ ಈ ಲಾಭ ಸಿಗಲಿಲ್ಲ. ದೆಹಲಿಯಲ್ಲಿ ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ನಡೆಸಿದ ದೊಡ್ಡ ಅಧ್ಯಯನ (2017) ಇನ್ನೂ ಎಚ್ಚರಿಕೆಯ ಪಾಠ ಹೇಳುತ್ತದೆ. ನಾಲ್ಕು ತಿಂಗಳು ಗಣಿತದ ಆಟಗಳನ್ನು ಆಡಿದ ಮಕ್ಕಳಲ್ಲಿ ಕಣ್ಣಳತೆಯಲ್ಲೇ ಚುಕ್ಕೆಗಳ ಹೆಚ್ಚು-ಕಡಿಮೆ ಗುರುತಿಸುವ ಶಕ್ತಿ ವರ್ಷದ ನಂತರವೂ ಉಳಿದಿತ್ತು, ಆದರೆ ಶಾಲೆಯ ಲೆಕ್ಕದಲ್ಲಿ ಅವರು ಮುಂದೆ ಬರಲಿಲ್ಲ. ಚುಕ್ಕೆಗಳ ಆಟ ಅಂಕಿಗಳಿಗೆ ತಾನಾಗಿ ದಾಟುವುದಿಲ್ಲ. ದಾಟಿಸುವ ಕೈ ಬೇಕು, ಅಂಗಡಿಗೆ ಬಂದ ಆ ಗಿರಾಕಿಯ ಹಾಗೆ.

ಬರವಣಿಗೆಯ ಬಗ್ಗೆಯೂ ಒಂದು ಮಾತು. ಹುಟ್ಟಿದಾಗ ಮಣಿಕಟ್ಟಿನ ಎಂಟೂ ಮೂಳೆಗಳು ಇನ್ನೂ ಮೃದ್ವಸ್ಥಿ. ಅವು ವರ್ಷ ವರ್ಷಕ್ಕೆ ಒಂದೊಂದಾಗಿ ಗಟ್ಟಿಯಾಗುತ್ತವೆ, ಕೊನೆಯದು ಎಂಟು ವರ್ಷ ದಾಟಿದ ಮೇಲೆ. ಬೆರಳುಗಳ ಹಿಡಿತವೂ ನಿಧಾನವಾಗಿಯೇ ಪಳಗುವಂಥದ್ದು. ಹಿಟ್ಟು ನಾದುವುದು, ಮಣಿ ಪೋಣಿಸುವುದು, ಮಣ್ಣಿನಲ್ಲಿ ಉಂಡೆ ಕಟ್ಟುವುದು ಅದನ್ನು ಪಳಗಿಸುತ್ತವೆ. ಇನ್ನು ಕನ್ನಡದ ಅಕ್ಷರಗಳು. ಸೋನಾಲಿ ನಾಗ್ ನಮ್ಮ ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದ ಅಕ್ಷರಜ್ಞಾನ ಕೈಗೂಡಲು ನಾಲ್ಕನೆಯ ತರಗತಿಯವರೆಗೂ ಸಮಯ ಬೇಕಾಗುವುದು ಕಂಡುಬಂತು. ಅಷ್ಟು ದೂರದ ದಾರಿಯನ್ನು ಮೂರು ವರ್ಷದ ಕೈಗೆ ಬಳಪ ತುರುಕಿ ಮುಗಿಸಲಾಗದು. ಪ್ರಾಸದ ಹಾಡು, ಒಗಟು, ಅಜ್ಜಿಕಥೆಗಳಿಂದ ಧ್ವನಿಗಳನ್ನು ಬಿಡಿಸಿ ಕೇಳುವ ಕಿವಿ ಮೊದಲು ತಯಾರಾಗಲಿ.

ಬೇಗ ಕಲಿಸಿದರೆ ಬೇಗ ಮುಂದೆ ಬರುತ್ತಾರೆ ಎನ್ನುವವರಿಗೆ ಮಿಶಿಗನ್ನಿನ ಪೆರಿ ಶಾಲಾಪೂರ್ವ ಯೋಜನೆಯನ್ನು ನೆನಪಿಸುತ್ತೇನೆ. 1962ರಲ್ಲಿ ಆರಂಭವಾದ ಅದು 123 ಮಕ್ಕಳ ಸಣ್ಣ ಅಧ್ಯಯನ. ಏನು ಆಡುತ್ತೇನೆ ಎಂದು ಮೊದಲು ಹೇಳಿ, ಆಡಿ, ಆಮೇಲೆ ಏನು ಮಾಡಿದೆ ಎಂದು ನೆನೆಯುವುದು ಅಲ್ಲಿನ ಕ್ರಮ. ಆ ಶಾಲೆಗೆ ಹೋದವರ ಬುದ್ಧಿಸೂಚ್ಯಂಕ ಮೊದಲು ಏರಿ ಕೆಲವೇ ವರ್ಷಗಳಲ್ಲಿ ಹೋಗದವರ ಸಮಕ್ಕೆ ಬಂತು. ಆದರೂ ನಲವತ್ತನೆಯ ವಯಸ್ಸಿನಲ್ಲಿ ನೋಡಿದಾಗ ಕೆಲಸ, ಸಂಪಾದನೆಗಳಲ್ಲಿ ಅವರೇ ಮೇಲಿದ್ದರು, ಪೊಲೀಸರ ಕೈಗೆ ಸಿಕ್ಕಿದ್ದು ಕಡಿಮೆ. ಅಂಕಕ್ಕೆ ಸಿಗದ ಏನೋ ಉಳಿದುಕೊಂಡಿತ್ತು, ಕೆರೆ-ದಡದಲ್ಲಿ ತಡೆದು ನಿಂತ ಹುಡುಗಿಯ ಕಾಲಿನಲ್ಲಿದ್ದಂಥದ್ದು.

ಮಲೆನಾಡಿನಲ್ಲಿ ಇದೆಲ್ಲ ನಡೆಯಬೇಕಾದರೆ ಮೊದಲು ಮಗು ಕೇಂದ್ರ ತಲುಪಬೇಕು. ಮನೆಗಳು ಚದುರಿವೆ, ಜೂನ್ ಬಂದರೆ ಬಿಡದ ಮಳೆ, ದಾರಿಯಲ್ಲಿ ಕಾಡಾನೆಯ ಭಯ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ತಾಯಂದಿರು ನಸುಕಿಗೇ ತೋಟಕ್ಕೆ ಹೊರಡುತ್ತಾರೆ. ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ಬೆಳೆಗಾರರೇ ಹೆಚ್ಚಿರುವ ನಮ್ಮಲ್ಲಿ ಬಹಳಷ್ಟು ಕೂಲಿ ಕುಟುಂಬಗಳು ಆ ಅಳತೆಯಿಂದ ಹೊರಗೆ ಉಳಿದವು, ಅವರಿಗೆ ಇರುವುದು ಅಂಗನವಾಡಿಯೊಂದೇ. ಈಗ ತೋಟದಾಳುಗಳ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಕನ್ನಡ ಬಾರದ ಮಗು ಪಾಠದ ಮುಂದೆ ಮೂಕವಾಗುತ್ತದೆ, ಅಂಗಡಿ ಆಟದಲ್ಲಿ ಕೈ ತೋರಿಸಿ ಬೇಕಾದ್ದನ್ನು ಕೇಳುತ್ತದೆ, ಕೊಡುವವಳು ಹೆಸರು ಹೇಳಿಯೇ ಕೊಡುತ್ತಾಳೆ.

ಆ ಟೀಚರ್ ಕೂತು ಮೊಟ್ಟೆ ಕೊಂಡದ್ದು ಐದು ನಿಮಿಷ. ಅದಕ್ಕೂ ಬಿಡುವು ಸಿಗುವ ದಿನಗಳು ಕಡಿಮೆ. ತೂಕ ನೋಡಬೇಕು, ಬಾಣಂತಿಯರ ಮನೆಗೆ ಹೋಗಬೇಕು, ದಾಸ್ತಾನು ಬರೆಯಬೇಕು, ಮೊಬೈಲಿನಲ್ಲಿ ಫೋಟೊ ಸಮೇತ ವಿವರ ತುಂಬಬೇಕು, ಅದರ ನಡುವೆ ಸಮೀಕ್ಷೆ, ಚುನಾವಣೆಯ ಕೆಲಸ. ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದ್ದು. ಅದರಲ್ಲಿ ಆಯ್ದ ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಒಬ್ಬ ಕಾರ್ಯಕರ್ತೆಯನ್ನು ಹೆಚ್ಚಿಗೆ ಕೊಟ್ಟರು. ಮಕ್ಕಳಿಗೆ ಸಿಗುವ ಕಲಿಕೆಯ ಸಮಯ ಇಮ್ಮಡಿಯಾಯಿತು, ಭಾಷೆ ಮತ್ತು ಲೆಕ್ಕ ಸುಧಾರಿಸಿದವು. ಮೊದಲಿದ್ದವರಿಗೆ ಆರೋಗ್ಯ, ಪೌಷ್ಟಿಕತೆಯ ಕಡೆ ಗಮನ ಕೊಡಲು ಬಿಡುವಾಯಿತು, ಕುಂಠಿತ ಬೆಳವಣಿಗೆಯ ಪ್ರಮಾಣವೂ ಇಳಿಯಿತು. ಹೊಸ ಕಟ್ಟಡವಾಗಲಿ ದುಬಾರಿ ಆಟಿಕೆಗಳಾಗಲಿ ಇದಕ್ಕೆ ಬೇಕಾಗಲಿಲ್ಲ.

ಪ್ರತಿ ಅಂಗನವಾಡಿಗೂ ತಾಯಂದಿರಿರುವ ಬಾಲವಿಕಾಸ ಸಮಿತಿ ಇದೆ. ಸಭೆಯಲ್ಲಿ ಮಗುವಿಗೆ ಇನ್ನೂ ಏಕೆ ಬರೆಸುತ್ತಿಲ್ಲ ಎಂದು ಟೀಚರ್‌ಗೆ ಕೇಳುವ ಬದಲು, ಆಟದ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸ ಹಚ್ಚಬೇಡಿ ಎಂದು ಇಲಾಖೆಗೆ ಬರೆಯಬಹುದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಾದರೂ ತೋಟದ ನಡುವಿನ ಕೇಂದ್ರಗಳಿಗೆ ಇನ್ನೊಬ್ಬರನ್ನು ಕೊಡಿ ಎಂದು ಪಂಚಾಯಿತಿಯನ್ನು ಒತ್ತಾಯಿಸಬಹುದು. ಜಗಲಿಯ ನೆಲದ ಮೇಲೆ 1ರಿಂದ 10ರವರೆಗೆ ಹತ್ತು ಮನೆ ಬರೆಯಲು ಒಂದು ಸೀಮೆಸುಣ್ಣ ಸಾಕು, ಅದನ್ನು ಯಾರೂ ಮಂಜೂರು ಮಾಡಬೇಕಿಲ್ಲ. ಚೌಕಾಬಾರದ ಕವಡೆಗಳು ಹೆಚ್ಚಿನ ಮನೆಗಳಲ್ಲಿ ಇನ್ನೂ ಇವೆ.