ನೆಲದಡಿಯ ರೈಲು ಡಿಪೊ: ಮೊದಲು ನೀರಿನ ಲೆಕ್ಕ

ಸಿಂಗಪುರದ ಸರ್ಕಲ್ ಮೆಟ್ರೊ ಮಾರ್ಗ ಎಲ್ಲಿಯೂ ನೆಲದ ಮೇಲೆ ಬರುವುದಿಲ್ಲ. ಅದರ ರೈಲುಗಳು ರಾತ್ರಿ ತಂಗುವುದು, ರಿಪೇರಿಯಾಗುವುದು ಕೂಡ ನೆಲದ ಕೆಳಗೇ. ಬಾರ್ಟ್ಲಿ ಮತ್ತು ತಾಯ್ ಸೆಂಗ್ ನಿಲ್ದಾಣಗಳ ಹತ್ತಿರ, ಆರಂಭದಲ್ಲಿ ಸುಮಾರು 11 ಹೆಕ್ಟೇರ್ ವಿಸ್ತಾರವಿದ್ದ ಕಿಮ್ ಚುವಾನ್ ಡಿಪೊ 2009ರಿಂದ ಈ ಕೆಲಸ ನಡೆಸುತ್ತಿದೆ. ನಮ್ಮ ಮೆಟ್ರೊದ ಬೈಯಪ್ಪನಹಳ್ಳಿ, ಪೀಣ್ಯ ಡಿಪೊಗಳು ಬಯಲಿನಲ್ಲಿವೆ. ಅಂಗೈಯಗಲದ ದೇಶಕ್ಕೆ ಅಷ್ಟೊಂದು ಬಯಲನ್ನು ಹಳಿಗಳಿಗೆ ಬಿಟ್ಟುಕೊಡುವುದು ಕಷ್ಟ.

ಇಂಥ ಡಿಪೊ ಎಂದೊಡನೆ ತಲೆಯ ಮೇಲಿನ ಭಾರವೇ ದೊಡ್ಡ ಸಮಸ್ಯೆ ಎನ್ನಿಸುತ್ತದೆ. ಎಂಜಿನಿಯರ್‌ಗಳನ್ನು ಅಷ್ಟೇ ಕಾಡುವುದು ಕೆಳಗಿನಿಂದ ಬರುವ ಒತ್ತಡ. ಖಾಲಿ ಕೊಡವನ್ನು ಬಾವಿಯ ನೀರಿಗೆ ಅದುಮಿದರೆ ಅದು ಕೈಯನ್ನೇ ಮೇಲಕ್ಕೆ ತಳ್ಳುತ್ತದಲ್ಲ, ಡಿಪೊ ಕೂಡ ಅಂತರ್ಜಲದಲ್ಲಿ ಮುಳುಗಿಸಿಟ್ಟ ಒಂದು ಟೊಳ್ಳು ಪೆಟ್ಟಿಗೆ. ಅದರ ತಳ ನೀರಿನ ಮಟ್ಟಕ್ಕಿಂತ 15 ಮೀಟರ್ ಕೆಳಗಿದ್ದರೆ ಪ್ರತಿ ಚದರ ಮೀಟರನ್ನು ನೀರು 15 ಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ; ಒಂದು ಹೆಕ್ಟೇರಿಗೆ ಒಂದೂವರೆ ಲಕ್ಷ ಟನ್. ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2.4 ಟನ್. ಬರೀ ತಳದ ತೂಕದಿಂದಲೇ ಈ ತಳ್ಳುವಿಕೆಯನ್ನು ತಡೆಯಬೇಕೆಂದರೆ ಆರು ಮೀಟರಿಗೂ ಹೆಚ್ಚು ದಪ್ಪದ ಕಾಂಕ್ರೀಟ್ ಬೇಕಾಗುತ್ತದೆ. ಆದ್ದರಿಂದ ಛಾವಣಿಯ ಮೇಲಿನ ಮಣ್ಣಿನ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಾಲದಿದ್ದರೆ ಪೈಲ್‌ಗಳನ್ನು, ಅಂದರೆ ನೆಲದೊಳಗಿನ ಉದ್ದನೆಯ ಅಡಿಪಾಯದ ಕಂಬಗಳನ್ನು, ಆಳಕ್ಕಿಳಿಸಿ ಕಟ್ಟಡವನ್ನು ನೆಲಕ್ಕೆ ಬಿಗಿಯುತ್ತಾರೆ. ಸಾಮಾನ್ಯವಾಗಿ ಕಟ್ಟಡವನ್ನು ಹೊತ್ತು ನಿಲ್ಲುವ ಪೈಲ್, ಇಲ್ಲಿ ಅದು ಮೇಲೇಳದಂತೆ ಹಿಡಿದಿಡುತ್ತದೆ. ನಿರ್ಮಾಣದ ನಡುವಿನ ಹಂತಗಳಿಗೂ ಈ ಲೆಕ್ಕ ಬೇರೆಯಾಗಿಯೇ ಆಗಬೇಕು. ತಳ, ಗೋಡೆ ಮುಗಿದು ಛಾವಣಿಯ ಮೇಲೆ ಇನ್ನೂ ಮಣ್ಣು ಬೀಳದಿರುವಾಗ ಪೆಟ್ಟಿಗೆ ಹಗುರವಾಗಿರುತ್ತದೆ.

ಅಷ್ಟು ಆಳ ಅಗೆಯುವುದು ಹೇಗೆ? ಮೊದಲು ಅಂಚಿನುದ್ದಕ್ಕೂ ಕಿರಿದಾದ ಆಳದ ಕಂದಕ ತೋಡುತ್ತಾರೆ. ಅದು ಕುಸಿಯದಂತೆ ಬೆಂಟೊನೈಟ್ ಜೇಡಿಯ ದ್ರಾವಣ ತುಂಬಿ, ಕಬ್ಬಿಣದ ಪಂಜರ ಇಳಿಸಿ, ತಳದಿಂದ ಮೇಲಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಹೀಗೆ ಗೋಡೆ ಎದ್ದ ಮೇಲೆಯೇ ಒಳಗಿನ ಮಣ್ಣು ತೆಗೆಯುವುದು. ಇಳಿದಂತೆಲ್ಲ ಎದುರುಬದುರು ಗೋಡೆಗಳು ಒಳಕ್ಕೆ ವಾಲದಂತೆ ಉಕ್ಕಿನ ಅಡ್ಡತೊಲೆಗಳನ್ನು ಕೊಡುತ್ತಾರೆ. ಇದರಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದನ್ನು ಇದೇ ಸರ್ಕಲ್ ಮಾರ್ಗ ಕಂಡಿದೆ. 2004ರ ಏಪ್ರಿಲ್ 20ರಂದು ನಿಕೋಲ್ ಹೆದ್ದಾರಿಯ ಬಳಿ ಸುಮಾರು 30 ಮೀಟರ್ ಆಳದ ಅಗೆತ ಕುಸಿದು ನಾಲ್ವರು ಸತ್ತರು. ಮೆತ್ತನೆಯ ಸಮುದ್ರಜೇಡಿಗೆ ಅದಕ್ಕಿಲ್ಲದ ಬಲವನ್ನು ವಿನ್ಯಾಸ ಆರೋಪಿಸಿತ್ತು. ತೊಲೆಗಳು ಗೋಡೆಯ ಕಡೆ ಕೂಡುವ ಜೋಡಣೆಗಳೂ ದುರ್ಬಲವಾಗಿದ್ದವು. ಕಾಗದದ ಮೇಲಿನ ಒಂದು ಊಹೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನೋವಿನ ಪುರಾವೆ ನನಗೆ ಗೊತ್ತಿಲ್ಲ.

ಒಳಗಿನ ಕಗ್ಗಂಟು ಕಂಬಗಳದು. ಛಾವಣಿಗೆ ಕಂಬಗಳು ಒತ್ತೊತ್ತಾಗಿದ್ದಷ್ಟೂ ಒಳ್ಳೆಯದು. ಹಳಿಗಳಿಗೆ ಅವು ಇಲ್ಲದಿದ್ದರೇ ಒಳ್ಳೆಯದು. ಒಂದು ಹಳಿ ಹತ್ತಾರಾಗಿ ಕವಲೊಡೆಯುವ ಜಾಗದಲ್ಲಿ ತಿರುಗುವ ಬೋಗಿಯ ಮೂಲೆ ಹಳಿಯಿಂದ ಆಚೆಗೆ ಚಾಚುತ್ತದೆ, ಅಲ್ಲಿ ಕಂಬ ನಿಲ್ಲುವಂತಿಲ್ಲ. ಬೋಗಿಯನ್ನು ಎತ್ತಿ ಗಾಲಿ ಕಳಚುವಲ್ಲಿ ಕ್ರೇನಿಗೆ ಎತ್ತರ ಬೇಕು. ರೈಲಿನಿಂದ ಗಾಲಿ ಬಿಚ್ಚದೆಯೇ ಅದರ ಸವೆದ ಅಂಚನ್ನು ಕೆತ್ತಿ ಸರಿಪಡಿಸುವ ಲೇತ್ ಹಳಿಯ ಕೆಳಗಿನ ಗುಂಡಿಯಲ್ಲಿರುತ್ತದೆ, ಅಂದರೆ ಮೊದಲೇ ಆಳದಲ್ಲಿರುವ ತಳ ಅಲ್ಲಿ ಇನ್ನಷ್ಟು ಕೆಳಗಿಳಿಯುತ್ತದೆ. ಬಯಲಿನ ಡಿಪೊದಲ್ಲಿ ಮರೆತದ್ದನ್ನು ನಾಳೆ ಪಕ್ಕದಲ್ಲಿ ಶೆಡ್ ಹಾಕಿ ಸೇರಿಸಬಹುದು. ಇಲ್ಲಿ ಪಕ್ಕದಲ್ಲಿರುವುದು ಮಣ್ಣು.

ಹೊಗೆಯ ವಿಷಯದಲ್ಲಿ ಯಾವ ಉಳಿತಾಯವನ್ನೂ ನಾನು ಒಪ್ಪಲಾರೆ. ಬಯಲಿನಲ್ಲಿ ಒಂದು ಬೋಗಿ ಹೊತ್ತಿಕೊಂಡರೆ ಹೊಗೆ ಆಕಾಶಕ್ಕೆ ಹೋಗುತ್ತದೆ. ನೆಲದಡಿಯಲ್ಲಿ ಅದು ಛಾವಣಿಗೆ ತಾಗಿ ಹರಡಿ, ತಣಿದು, ಕೆಲಸಗಾರರ ಉಸಿರಿನ ಮಟ್ಟಕ್ಕೆ ಇಳಿಯುತ್ತದೆ. ಅದಕ್ಕೇ ಹೊಗೆ ಹೀರುವ ಫ್ಯಾನುಗಳು, ಬೆಂಕಿ ತಡೆಯುವ ಗೋಡೆಗಳು, ನೇರ ಹೊರಕ್ಕೊಯ್ಯುವ ಮೆಟ್ಟಿಲುಗಳು. ದುರಸ್ತಿ ಬಂಡಿಗಳ ಡೀಸೆಲ್ ಹೊಗೆಯೂ ಇಲ್ಲಿ ಸಹ್ಯವಲ್ಲ. ಬ್ಯಾಟರಿಯ ಎಂಜಿನ್ ತಂದರೆ, ಸೀಸದ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ. ಆ ಕೋಣೆಗೂ ಗಾಳಿಯಾಡಿಸಬೇಕು.

ಸರ್ಕಲ್ ಮಾರ್ಗದ ರೈಲುಗಳಿಗೆ ಚಾಲಕರಿಲ್ಲ, ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ. ಹಾಗಾಗಿ ರೈಲು ತಾನಾಗಿ ಚಲಿಸುವ ಜಾಗ ಮತ್ತು ಮನುಷ್ಯರು ಕೆಲಸ ಮಾಡುವ ಜಾಗ ಬೇಲಿ, ಬೀಗಗಳಿಂದ ಬೇರೆಯಾಗಲೇಬೇಕು.

ಇನ್ನೊಂದು ಪ್ರಶ್ನೆ: ಹೊಸ ರೈಲು ಒಳಗೆ ಬರುವುದಾದರೂ ಹೇಗೆ? ಲಂಡನ್ನಿನ ವಾಟರ್ಲೂ ಅಂಡ್ ಸಿಟಿ ಮಾರ್ಗ 1898ರಲ್ಲಿ ಆರಂಭವಾದದ್ದು, ಪೂರ್ತಿ ನೆಲದಡಿಯದು, ಡಿಪೊ ಕೂಡ. ಬೇರೆ ಯಾವ ಮಾರ್ಗದ ಹಳಿಗೂ ಅದು ಕೂಡುವುದಿಲ್ಲ. ಬೋಗಿಗಳನ್ನು ಒಳಗಿಳಿಸಬೇಕಾದರೂ ದೊಡ್ಡ ರಿಪೇರಿಗೆ ಹೊರತರಬೇಕಾದರೂ ರಸ್ತೆಯಲ್ಲಿ ಕ್ರೇನ್ ನಿಲ್ಲಿಸಿ ಒಂದೊಂದನ್ನೇ ಇಳಿಸಬೇಕು, ಮೇಲೆತ್ತಬೇಕು.

ಇಷ್ಟೆಲ್ಲ ಕಷ್ಟವನ್ನು ಬೇಕಾದಲ್ಲಿ ಮಾತ್ರ ಪಡಬೇಕು. ಚಾಂಗಿಯ ಬಳಿ ಸಿಂಗಪುರ ಯೋಜಿಸಿದ ಈಸ್ಟ್ ಕೋಸ್ಟ್ ಡಿಪೊದಲ್ಲಿ ಮೂರು ಮಾರ್ಗಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ: ಡೌನ್‌ಟೌನ್ ಮಾರ್ಗ ನೆಲದಡಿ, ಈಸ್ಟ್ ವೆಸ್ಟ್ ಮತ್ತು ಥಾಮ್ಸನ್–ಈಸ್ಟ್ ಕೋಸ್ಟ್ ಮಾರ್ಗಗಳು ಅದರ ಮೇಲೆ, ಪಕ್ಕದಲ್ಲಿ ಬಸ್ ಡಿಪೊ. ಇದರಿಂದ ಸುಮಾರು 44 ಹೆಕ್ಟೇರ್ ಜಾಗ ಉಳಿಯುತ್ತದೆಂದು ಅವರ ಸಾರಿಗೆ ಪ್ರಾಧಿಕಾರ ಹೇಳಿದೆ. ಮೂರರಲ್ಲಿ ಒಂದನ್ನು ಮಾತ್ರ ಕೆಳಗಿಳಿಸಿದ್ದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.