ವಿಮಾನದಿಂದ ಇಳಿದು ಬಂದ ಲೆನ್ಸು

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಗೆ ಬೇಡವಾದ ವೈಮಾನಿಕ ಕ್ಯಾಮೆರಾಗಳು ಹೆಚ್ಚುವರಿ ಸರಕಿನ ಲೆಕ್ಕದಲ್ಲಿ ಅಗ್ಗಕ್ಕೆ ಮಾರಾಟವಾದವು. ಕೊಂಡವರಲ್ಲಿ ಅನೇಕರ ಕಣ್ಣಿದ್ದದ್ದು ಲೆನ್ಸಿನ ಮೇಲೆ. ಅದರಲ್ಲೂ ಕೆ-24 ಕ್ಯಾಮೆರಾದ ಕೋಡಾಕ್ ಏರೋ ಎಕ್ಟಾರ್ ಇಂದಿಗೂ ಸಂಗ್ರಾಹಕರು ಹುಡುಕಿಕೊಂಡು ಹೋಗುವ ವಸ್ತು. ಸಂಗಮದೂರ 178 ಮಿ.ಮೀ., ಅಪರ್ಚರ್ ಎಫ್/2.5. ಅಂದರೆ ಸಂಗಮದೂರವನ್ನು 2.5ರಿಂದ ಭಾಗಿಸಿದಷ್ಟು: ಬೆಳಕು ಒಳಬರುವ ಕಿಂಡಿಯೇ 71 ಮಿ.ಮೀ. ಅಗಲ!

ಇಷ್ಟು ದೊಡ್ಡ ಕಿಂಡಿ ಯಾಕೆ ಬೇಕಿತ್ತು? ಸೆಕೆಂಡಿಗೆ 100 ಮೀಟರ್ ವೇಗದಲ್ಲಿ, 300 ಮೀಟರ್ ಎತ್ತರದಲ್ಲಿ ಹಾರುವ ವಿಮಾನವನ್ನು ಊಹಿಸಿಕೊಳ್ಳಿ. ಶಟರ್ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ವಿಮಾನ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಫಿಲ್ಮಿನ ಮೇಲೆ ಚಿತ್ರ ಅರ್ಧ ಮಿ.ಮೀ.ಗಿಂತ ಹೆಚ್ಚು ಎಳೆದುಕೊಳ್ಳುತ್ತದೆ. ರಸ್ತೆ, ಸೇತುವೆ, ಲಾರಿ ಎಲ್ಲ ಕಲಸಿಹೋಗುತ್ತವೆ. ಶಟರ್ ವೇಗ ಹೆಚ್ಚಿಸಿದರೆ ಬೆಳಕು ಸಾಲದು, ಮುಸ್ಸಂಜೆಯಲ್ಲಂತೂ ಆಗದ ಮಾತು. ಉಳಿದ ದಾರಿ ಕಿಂಡಿಯನ್ನು ಹಿಗ್ಗಿಸುವುದು.

ಕಿಂಡಿ ಹಿಗ್ಗಿದಂತೆ ಅಂಚಿನ ಕಿರಣಗಳನ್ನು ಹೆಚ್ಚು ಬಾಗಿಸಬೇಕು. ಬೆಳಕನ್ನು ಚೆನ್ನಾಗಿ ಬಾಗಿಸುತ್ತಿದ್ದ ಹಳೆಯ ಗಾಜುಗಳು ಬಣ್ಣಗಳನ್ನೂ ಅಷ್ಟೇ ಚದುರಿಸುತ್ತಿದ್ದವು. ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸಿದಾಗ ವಕ್ರೀಭವನ ಹೆಚ್ಚಿತು, ಬಣ್ಣದ ಚದುರುವಿಕೆ ಕಡಿಮೆಯೇ ಉಳಿಯಿತು. ಏರೋ ಎಕ್ಟಾರಿನ ಹಿಂಭಾಗದಲ್ಲಿರುವುದು ಈ ಗಾಜು. ಕೇರಳದ ಚವರ ಕಡಲತೀರದ ಮರಳಿನಲ್ಲಿ ಸಿಗುವ, ನಮ್ಮ ಹಿರಿಯರ ಕಾಲದ ಗ್ಯಾಸ್‌ಲೈಟಿನ ಮ್ಯಾಂಟಲ್ ಬೆಳಗಿಸಿದ ಅದೇ ಥೋರಿಯಂ.

ಇದು ವಿಕಿರಣಶೀಲ. ಅರ್ಧಾಯುಷ್ಯ ಸುಮಾರು 1400 ಕೋಟಿ ವರ್ಷ, ಆದ್ದರಿಂದ ಲೆನ್ಸಿನ ವಿಕಿರಣ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕುಂದುವುದಿಲ್ಲ. ಆ ವಿಕಿರಣ ಗಾಜಿನೊಳಗಿನ ಎಲೆಕ್ಟ್ರಾನುಗಳನ್ನು ಸ್ಥಾನಪಲ್ಲಟ ಮಾಡುತ್ತದೆ. ಅವು ಗಾಜಿನ ದೋಷಗಳಲ್ಲಿ ಸಿಕ್ಕಿಬಿದ್ದು ನೀಲಿ ಬೆಳಕನ್ನು ಹೀರುತ್ತವೆ. ಹಾಗಾಗಿ ಉಗ್ರಾಣದ ಕತ್ತಲಲ್ಲಿ ಕೂತ ಲೆನ್ಸು ವರ್ಷಗಳು ಕಳೆದಂತೆ ಕಡು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೆ ಮದ್ದು ಅತಿನೇರಳೆ ಬೆಳಕು. ಆ ದೀಪದ ಕೆಳಗೆ ಕೆಲವು ದಿನ, ಇಲ್ಲವೇ ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಟ್ಟರೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಗಾಜು ಮತ್ತೆ ತಿಳಿಯಾಗುತ್ತದೆ. ಬಿಸಿಲಿಗಿಟ್ಟ ಲೆನ್ಸು ಬೆಂಕಿ ಹೊತ್ತಿಸಬಲ್ಲದು, ಹಿಂದೆ ಏನಿದೆಯೆಂದು ನೋಡಿಕೊಂಡು ಇಡಬೇಕು. ಕಪ್ಪು-ಬಿಳುಪು ಫಿಲ್ಮ್ ಬಳಸುವ ಕೆಲವರು ಹಳದಿಯನ್ನು ತೆಗೆಯುವುದೇ ಇಲ್ಲ. ಆಕಾಶ ಗಾಢವಾಗಿ, ಮೋಡ ಎದ್ದು ಬರಲು ಹಾಕುವ ಹಳದಿ ಫಿಲ್ಟರ್ ಅವರಿಗೆ ಪುಕ್ಕಟೆ ಸಿಕ್ಕಂತೆ.

ಭಯಪಟ್ಟು ಎಸೆಯಬೇಕಿಲ್ಲ, ಉಡಾಫೆಯೂ ಸಲ್ಲ. ಆಲ್ಫಾ ಕಣಗಳನ್ನು ಒಂದು ಕಾಗದ ತಡೆಯುತ್ತದೆ, ಗಾಮಾ ಕಿರಣ ಹಾಗಲ್ಲ. ದೂರ ಎರಡು ಪಟ್ಟಾದರೆ ಅದರ ಪ್ರಭಾವ ಸರಿಸುಮಾರು ಕಾಲು ಭಾಗಕ್ಕಿಳಿಯುವುದರಿಂದ ಮಲಗುವ, ಕೂರುವ ಜಾಗದಿಂದ ಆಚೆ ಇಟ್ಟರೆ ಸಾಕು. ಗಾಜನ್ನು ಉಜ್ಜುವುದು, ಅರೆಯುವುದು ಮಾತ್ರ ಖಂಡಿತ ಕೂಡದು. ಆ ಪುಡಿ ಶ್ವಾಸಕೋಶ ಸೇರಿದರೆ ಅಪಾಯ. ಬಳಸದ ಫಿಲ್ಮನ್ನು ಪಕ್ಕದಲ್ಲಿಟ್ಟರೆ ಅದೂ ಹಾಳು.

ಲೆನ್ಸಿನ ವಯಸ್ಸು ಅದರ ಬಳೆಯ ಮೇಲೇ ಕೆತ್ತಿದೆ. 'ಕ್ಯಾಮೆರಾಸಿಟಿ' (CAMEROSITY) ಎಂಬ ಪದದ ಹತ್ತು ಇಂಗ್ಲಿಷ್ ಅಕ್ಷರಗಳಿಗೆ ಕೋಡಾಕ್ 1ರಿಂದ 9, ಕೊನೆಗೆ 0 ಎಂದು ಬೆಲೆ ಕಟ್ಟಿತ್ತು. ಸಂಖ್ಯೆಯ ಮುಂದೆ 'ಇಎಂ' (EM) ಇದ್ದರೆ 43, ಅಂದರೆ 1943.

ಶಟರ್ ಇದ್ದದ್ದು ವಿಮಾನದ ಕ್ಯಾಮೆರಾದಲ್ಲಿ, ಲೆನ್ಸಿನಲ್ಲಲ್ಲ. ಹಾಗಾಗಿ ಫಿಲ್ಮಿನ ಮುಂದೆಯೇ ಪರದೆ ಶಟರ್ ಇರುವ ಸ್ಪೀಡ್ ಗ್ರಾಫಿಕ್ ಎಂಬ ಹಳೆಯ ಪತ್ರಿಕಾ ಕ್ಯಾಮೆರಾ ಇದಕ್ಕೆ ಹೇಳಿಮಾಡಿಸಿದ ಜೋಡಿ. ಎರಡು ಮೀಟರ್ ದೂರದಲ್ಲಿ ಕೂತವರ ಮುಖ ತೆಗೆದರೆ ಸ್ಪಷ್ಟವಾಗಿ ಬರುವುದು ಐದಾರು ಸೆಂಟಿಮೀಟರ್ ಆಳ ಮಾತ್ರ: ರೆಪ್ಪೆಗೂದಲು ಎಣಿಸಬಹುದು, ಕಿವಿ ಆಗಲೇ ಮಸುಕು. ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಬರ್ನೆಟ್ 2004ರ ಅಮೆರಿಕದ ಚುನಾವಣಾ ಪ್ರಚಾರದಲ್ಲಿ ಈ ಜೋಡಿಯನ್ನೇ ಹೊತ್ತು ತಿರುಗಿದರು.

ಲೆನ್ಸು ಬಿಚ್ಚಿಕೊಂಡು ಕ್ಯಾಮೆರಾವನ್ನು ಗುಜರಿಗೆ ಹಾಕುವ ರೂಢಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಫಿಲ್ಮನ್ನು ತಾನೇ ಸುತ್ತಿ ಶಟರನ್ನು ಮತ್ತೆ ಬಿಗಿಮಾಡುತ್ತಿದ್ದ ಅದರ ಮೋಟಾರು, ಹಲ್ಲುಚಕ್ರಗಳೂ ಅದೇ ಕಾಲದ ಎಂಜಿನಿಯರಿಂಗ್. ಒಟ್ಟಿಗಿದ್ದಾಗಲೇ ಲೆನ್ಸಿಗೆ ಅಷ್ಟು ದೊಡ್ಡ ಕಿಂಡಿ ಯಾಕೆಂದು ನೋಡಿದವರಿಗೆ ಅರ್ಥವಾಗುವುದು.